ಆರು ಸೀಳಿನ ಗಾಳದ ಕೋಲು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಖಾಕಿ ಬಟ್ಟೆಯ ಚೀಲ ಇತ್ತು. ಉದ್ದಕ್ಕೆ, ಸಣ್ಣಗೆ, ಕೊಳಲಿನ ಚೀಲದ ಹಾಗೆ. ಒಳಗೆ ಮೂರು ತುಂಡು ಕೋಲು, ತುದಿಗಳಿಗೆ ಹಿತ್ತಾಳೆಯ ಕೊಳವೆ, ಒಂದಕ್ಕೆ ಕಾರ್ಕಿನ ಹಿಡಿ. ತುಂಗಭದ್ರಾ ಡ್ಯಾಮ್ ಕಟ್ಟುವ ಕಾಲಕ್ಕೆ ನಮ್ಮ ತಾತ ಕ್ಯಾಂಪಿನಲ್ಲಿ ಗುಮಾಸ್ತರಾಗಿದ್ದರು. ಕೆಲಸ ಮುಗಿಸಿ ಊರಿಗೆ ಹೊರಟ ಎಂಜಿನಿಯರೊಬ್ಬರು ಅದನ್ನು ಅವರ ಕೈಗಿಟ್ಟು ಹೋದರಂತೆ. ತಾತ ಜನ್ಮದಲ್ಲಿ ಮೀನು ಮುಟ್ಟಿದವರಲ್ಲ. ಹಂಗಾಗಿ ಅದು ಅಟ್ಟ ಸೇರಿತು, ಹಂಗಾಗಿಯೇ ಉಳಿಯಿತು ಕೂಡ.

ಅದನ್ನು ಹಾಳು ಮಾಡಿದವನು ನಾನು. ಹದಿನಾಲ್ಕನೇ ವಯಸ್ಸಿಗೆ, ಒಂದು ಮಳೆಗಾಲ, ಹೊಸಪೇಟೆಯ ಬಸವಣ್ಣ ಕಾಲುವೆಗೆ ಗೆಳೆಯರ ಜೊತೆ ಎರೆಹುಳು ಕಟ್ಟಿಕೊಂಡು ಹೋದೆ. ಒಂದು ಮೀನೂ ಸಿಗಲಿಲ್ಲ. ಮನೆಯಲ್ಲಿ ಬೈಸಿಕೊಳ್ಳುವ ಭಯಕ್ಕೆ ಒದ್ದೆ ಕೋಲನ್ನು ಒದ್ದೆ ಚೀಲಕ್ಕೇ ತುರುಕಿ ಅಟ್ಟಕ್ಕೆ ಎಸೆದೆ. ಎಷ್ಟೋ ವರ್ಷದ ಮೇಲೆ ಮನೆಗೆ ಸುಣ್ಣ ಬಳಿಸುವಾಗ ಚೀಲ ಕೆಳಗಿಳಿಯಿತು. ಬಿಚ್ಚಿ ನೋಡಿದರೆ ನಡುವಿನ ತುಂಡು ಬಾಳೆಹಣ್ಣಿನ ಸಿಪ್ಪೆ ಬಿಟ್ಟ ಹಾಗೆ ಬಿಚ್ಚಿಕೊಂಡಿತ್ತು. ಒಂದೇ ಕೋಲು ಅಂದುಕೊಂಡಿದ್ದು ಆರು ಸೀಳು! ಪ್ರತಿಯೊಂದು ಸೀಳೂ ಮೂರು ಮೂಲೆಯದು, ಒಂದು ಮಗ್ಗುಲು ಮಾತ್ರ ಹೊಳೆಯುವ ಬಿದಿರಿನ ಹೊರಮೈ. ಅದರಲ್ಲಿ ಒಂದು ಮುರಿದೂ ಹೋಗಿತ್ತು.

ಇಂಗ್ಲಿಷಿನಲ್ಲಿ ಇದಕ್ಕೆ ಸ್ಪ್ಲಿಟ್ ಕೇನ್ ರಾಡ್ ಅನ್ನುತ್ತಾರೆ. ಕೇನ್ ಅಂದ ಕೂಡಲೇ ನಮಗೆ ಬೆತ್ತ ನೆನಪಾಗುತ್ತದೆ, ಮೇಷ್ಟ್ರ ಬೆತ್ತ. ಇದು ಬೆತ್ತ ಅಲ್ಲ, ಬಿದಿರು. ಬೆತ್ತ ಬಾಗಿದರೆ ಬಾಗಿದಲ್ಲೇ ಕೂರುವ ಜಾತಿ, ಕುರ್ಚಿಗೆ ಸರಿ. ಬಿದಿರು ಬಾಗಿ ವಾಪಸ್ ಬರುತ್ತದೆ. ಆ ವಾಪಸ್ ಬರುವ ಗುಣ ಇರುವುದು ಹೊರಮೈಯ ಕೆಳಗಿನ ಒತ್ತಾದ ನಾರಿನಲ್ಲಿ. ಒಳಗಿನ ಮೆತ್ತನೆಯ ತಿರುಳಿಗೆ ಅಷ್ಟು ಕಸುವಿಲ್ಲ, ನಡುವಿನ ಪೊಳ್ಳಿನ ಮಾತಂತೂ ಬಿಡಿ. ಹಾಗಾದರೆ ಬಿದಿರನ್ನು ಸೀಳಿ, ತಿರುಳನ್ನೆಲ್ಲ ಹೆರೆದು ಬಿಸಾಕಿ, ಬರೀ ಗಟ್ಟಿ ನಾರಿನ ಆರು ದಬ್ಬೆಗಳನ್ನು ಹೊರಮೈ ಹೊರಗೆ ಬರುವಂತೆ ಕೂಡಿಸಿ ಅಂಟಿಸಿದರೆ? ಪೊಳ್ಳಿಲ್ಲದ, ಸುತ್ತಲೂ ನಾರೇ ನಾರಾದ ಕೋಲು. ಬುಡದಿಂದ ತುದಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಣ್ಣದಾಗಿಸುತ್ತಾ ಹೋದರೆ, ಕೋಲು ಎಲ್ಲಿ ಎಷ್ಟು ಬಾಗಬೇಕು ಅನ್ನುವುದು ಮಾಡುವವನ ಕೈಯಲ್ಲಿ. ಇಷ್ಟೇ ಅದರ ಗುಟ್ಟು.

ಇಂಗ್ಲೆಂಡಿನಲ್ಲಿ ಕೋಲಿನ ತುದಿಯನ್ನು ಮಾತ್ರ ಹೀಗೆ ಮೂರ್ನಾಲ್ಕು ಸೀಳು ಕೂಡಿಸಿ ಮಾಡುವುದು 19ನೇ ಶತಮಾನದ ಮೊದಲ ಭಾಗದಲ್ಲೇ ಇತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಯಾಮ್ಯುಯೆಲ್ ಫಿಲಿಪ್ ಅನ್ನುವ ಬಂದೂಕು ತಯಾರಕ 1840ರ ದಶಕದಲ್ಲಿ ಅದನ್ನು ಮುಂದುವರಿಸಿದ. ಪಿಟೀಲೂ ಮಾಡುತ್ತಿದ್ದ ಕೈ, ಅಂಟಿನ ಮರ್ಮ ಗೊತ್ತಿದ್ದವನು. 1870ರ ದಶಕದಲ್ಲಿ ಹೈರಮ್ ಲೆನಾರ್ಡ್ ಆರು ಸೀಳಿನ ಕೋಲನ್ನು ಯಂತ್ರದಿಂದ ಕೊಯ್ದು ಮಾರುಕಟ್ಟೆಗೆ ತಂದ. ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿ ಸೋದರರು ಅದೇ ಹೊತ್ತಿಗೆ ಅಂಗಡಿ ತೆರೆದು, ಮುಂದೆ ಸಾಮ್ರಾಜ್ಯದ ಮೂಲೆಮೂಲೆಗೆ ಕೋಲು ಕಳಿಸಿದರು. ಭಾರತದ ದೊರೆಗಳಿಗೆಂದೇ ಮಹಶೀರ್ ಮೀನಿನ ಕೋಲು ಬೇರೆ.

ಈ ಎಲ್ಲ ಹೆಸರುಗಳ ನಡುವೆ ಒಂದು ಸಂಗತಿ ಮರೆತು ಹೋಗುತ್ತದೆ. ಬಿದಿರು ಯಾರದು?

ಮೊದಮೊದಲ ಕೋಲುಗಳೆಲ್ಲ ನಮ್ಮವು. ಅಂದರೆ ನಮ್ಮ ದೇಶದ ಬಿದಿರಿನವು. ಕಲಕತ್ತೆಯ ಬಂದರಿನಿಂದ ಹಡಗು ಹತ್ತಿದ್ದಕ್ಕೆ ಅದಕ್ಕೆ ಕಲ್ಕಟ್ಟಾ ಕೇನ್ ಅಂತ ಹೆಸರು ಬಿತ್ತು. ಸಸ್ಯಶಾಸ್ತ್ರದವರು ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್ ಅನ್ನುವ ಜಾತಿ ಅದು. ಕರ್ನಾಟಕದ ಒಣ ಕಾಡುಗಳಲ್ಲಿ ಬೆಳೆಯುವ, ಬುಡದ ಕಡೆ ಪೊಳ್ಳೇ ಕಾಣದಷ್ಟು ಗಟ್ಟಿಯಾಗಿ ಇರುವುದಕ್ಕೆ ಗಂಡು ಬಿದಿರು ಅನ್ನುತ್ತೇವಲ್ಲ, ಅದೇ. ಕುದುರೆ ದಂಡಿನವರ ಈಟಿಗೆ ಹಿಡಿ ಅದು, ಪೊಲೀಸರ ಲಾಠಿಯೂ ಅದೇ. (ಲಾಠಿ ರುಚಿ ಕಂಡವರಿಗೆ ಆ ನಾರಿನ ಕಸುವಿನ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.) ಹಳೇ ಕಾಲದ ಕೋಲು ಎಲ್ಲಾದರೂ ಸಿಕ್ಕರೆ ಮೈಮೇಲೆ ಕಂದು ಮಚ್ಚೆ ಇದೆಯೇ ನೋಡಿ. ಬಿದಿರನ್ನು ಬೆಂಕಿಗೆ ಹಿಡಿದ ಗುರುತು ಅದು. ಕಲ್ಕಟ್ಟಾ ಕೇನ್ ಅಂತ ಗುರುತಿಸುವವರು ಮೊದಲು ನೋಡುವುದೇ ಆ ಸುಟ್ಟ ಕಲೆಯನ್ನು. ಇನ್ನೊಂದು ಗುರುತು, ಬೆರಳಿಗೊಂದರಂತೆ ಒತ್ತೊತ್ತಾಗಿ ಸುತ್ತಿದ ರೇಷ್ಮೆ ದಾರ. ಆಗಿನ ಅಂಟು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದದ್ದು. ಸೆಕೆ, ಶೀತ ಎರಡೂ ಸೇರಿದರೆ ಬಿಟ್ಟುಕೊಳ್ಳುತ್ತಿತ್ತು. ಅದನ್ನು ನಂಬದೆ ದಾರ ಸುತ್ತುತ್ತಿದ್ದರು. ನಮ್ಮ ಅಟ್ಟದಲ್ಲಿ ಆದದ್ದೂ ಅದೇ.

ದೊರೆಗಳು ಈ ಕೋಲನ್ನು ಹಿಡಿದು ಏನು ಮಾಡುತ್ತಿದ್ದರು ಅನ್ನುವುದಕ್ಕೆ ದೊಡ್ಡ ಸಾಕ್ಷಿ ನಮ್ಮ ಕರಾವಳಿಯಲ್ಲೇ ಇದೆ. ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವನು. ಭಾರತದಲ್ಲಿ ಗಾಳ ಹಾಕುವುದರ ಮೇಲೆ ಅವನು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಹೊರಬಂದದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನವರಿಂದ. 1894ರಲ್ಲಿ ಕಿಟೆಲ್ಲರ ಕನ್ನಡ ನಿಘಂಟನ್ನು ಕೊಟ್ಟವರೂ ಅದೇ ಮಿಶನ್ನಿನವರು. 1887ರಲ್ಲಿ ಥಾಮಸ್ ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದ. ಆಗ ಬಳ್ಳಾರಿ ಜಿಲ್ಲೆಯೂ ಮದ್ರಾಸಿನವರದೇ. ಬಳ್ಳಾರಿಯಲ್ಲಿ ದಂಡು, ಸಂಡೂರಿನ ಗುಡ್ಡದ ರಾಮನದುರ್ಗದಲ್ಲಿ ಬಿಳಿ ಸಿಪಾಯಿಗಳ ಆರೋಗ್ಯಧಾಮ, ಕೆಳಗೆ ತುಂಗಭದ್ರೆ, ಪಕ್ಕದಲ್ಲಿ ಕಮಲಾಪುರದ ಕೆರೆ. ರಜೆ ಸಿಕ್ಕ ಅಧಿಕಾರಿಗೆ ಇಂಥ ಪುಸ್ತಕ ಬೇಕಿತ್ತು. ಅವರ ಆಟದ ತುತ್ತತುದಿ ಅಂದರೆ 1946ರ ಮಾರ್ಚಿನಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಹಿಡಿದ 120 ಪೌಂಡಿನ ಮಹಶೀರ್, ಹತ್ತಿರಹತ್ತಿರ 54 ಕಿಲೋ.

ಗಾಳವೇ ದೊರೆಗಳು ತಂದದ್ದು ಅಂತ ಯಾರಾದರೂ ಅಂದರೆ ಮಾತ್ರ ಒಪ್ಪಬೇಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವೇ ಇದೆ. ಯಾವ ಮೀನು, ಅದಕ್ಕೆ ಯಾವ ಉಂಡೆ ತಿನ್ನಿಸಿ ಪಳಗಿಸಬೇಕು, ಗಾಳ ಹೇಗೆ ಎಂದು ರಾಜನ ಮೋಜಿನ ಲೆಕ್ಕದಲ್ಲಿ ಬರೆದಿದ್ದಾನೆ. ನಮ್ಮ ಈ ತುಂಗಭದ್ರೆಯ ದಂಡೆಯೂ ಅವನ ರಾಜ್ಯದ್ದೇ.

ಬಿಚ್ಚಿಹೋದ ಕೋಲನ್ನು ಪೇಪರಿನಲ್ಲಿ ಸುತ್ತಿಕೊಂಡು ನಾನು ಕಂಪ್ಲಿಗೆ ಹೋದದ್ದು ಅಲ್ಲಿ ಮೇದಾರರ ಅಜ್ಜ ಒಬ್ಬರಿದ್ದಾರೆ ಅಂತ ಗೆಳೆಯ ಹೇಳಿದ್ದಕ್ಕೆ. ಮನೆ ಮುಂದೆ ಮೊರ, ಏಣಿ, ಅರ್ಧ ಹೆಣೆದ ಬುಟ್ಟಿ. ಅಜ್ಜ ಒಂದು ಸೀಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತುದಿಯವರೆಗೆ ನೋಡಿದರು. ಆಮೇಲೆ ಆರನ್ನೂ ಪಕ್ಕಪಕ್ಕ ಇಟ್ಟು ಗಿಣ್ಣುಗಳ ಮೇಲೆ ಬೆರಳಾಡಿಸಿದರು.

“ಗಿಣ್ಣು ಒಂದರ ಮಗ್ಗಲಾಗ ಒಂದು ಬರದಂಗ ಸರಿಸ್ಯಾನ ನೋಡು. ಶಾಣ್ಯಾ ಅದಾನ, ಮಾಡ್ದಾಂವ.”

ಗಿಣ್ಣು ಬಿದಿರಿನ ದುರ್ಬಲ ಜಾಗ. ಆರೂ ಗಿಣ್ಣು ಒಂದೇ ಕಡೆ ಬಂದರೆ ಕೋಲು ಅಲ್ಲೇ ಮುರಿಯುತ್ತದೆ. ಅದಕ್ಕೆ ಒಂದೊಂದನ್ನು ಹಿಂದುಮುಂದು ಮಾಡಿ ಕೂಡಿಸುತ್ತಾರೆ. ಇದನ್ನು ನಾನು ಇಂಗ್ಲಿಷ್ ಪುಸ್ತಕದಲ್ಲಿ ಓದಿ ತಿಳಿದುಕೊಂಡಿದ್ದೆ. ಅಜ್ಜನಿಗೆ ಅರ್ಧ ನಿಮಿಷ ಸಾಕಾಯಿತು.

“ಆದ್ರ ಇದು ನಮ್ಮ ಬಿದಿರಲ್ಲ ತಮ್ಮಾ. ಗಿಣ್ಣಿಂದ ಗಿಣ್ಣಿಗೆ ಇಷ್ಟುದ್ದ ನಮ್ಮ ಗಂಡು ಬಿದಿರಿನಾಗ ಎಲ್ಲೈತಿ?”

ಅದೂ ನಿಜವೇ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕೋಲು ಮಾಡುವವರು ಕಲ್ಕಟ್ಟಾ ಕೇನನ್ನು ಬಿಟ್ಟು ಚೀನಾದ ಬಿದಿರಿಗೆ ಹೋದರು. ವ್ಯಾಪಾರದಲ್ಲಿ ಅದರ ಹೆಸರು ಟಾಂಕಿನ್, ಬೆಳೆಯುವುದು ಮಾತ್ರ ಗ್ವಾಂಗ್‌ಡಾಂಗ್ ಸೀಮೆಯ ಗುಡ್ಡಗಳಲ್ಲಿ. ನೆಟ್ಟಗೆ ಬೆಳೆಯುತ್ತದೆ, ಗಿಣ್ಣು ಸಣ್ಣವು, ದೂರದೂರ. ಅದಕ್ಕೆ ಶಾಸ್ತ್ರೀಯ ಹೆಸರು ಬಂದದ್ದೇ 1931ರಲ್ಲಿ. ಮೆಕ್‌ಲ್ಯೂರ್ ಎನ್ನುವ ಸಸ್ಯವಿಜ್ಞಾನಿ ಲ್ಯಾಟಿನಿನಲ್ಲಿ ‘ಮುದ್ದಾದದ್ದು’ ಅನ್ನುವ ಅರ್ಥದ ಹೆಸರಿಟ್ಟ. ನಮ್ಮದರ ಮೇಲೆ ಇದ್ದ ದೂರು ಗಿಣ್ಣಿನದಷ್ಟೇ ಅಲ್ಲ. ಹುಳು ಹಿಡಿದಿರುತ್ತದೆ, ಸುಟ್ಟು ಬಂದಿರುತ್ತದೆ, ಹತ್ತು ಗಳ ಕೊಂಡರೆ ಕೆಲಸಕ್ಕೆ ಬರುವುದು ಒಂದೆರಡು ಅಂತ.

ಹುಳದ ಮಾತು ಕೇಳಿ ಅಜ್ಜನಿಗೆ ಸಿಟ್ಟು ಬಂತು. “ಕಡಿಯೂ ಹೊತ್ತಿಗೆ ಕಡೀಬೇಕು. ಬೆಳದಿಂಗಳ ದಿನದಾಗ ಕಡಿದ್ರ ಕುಟ್ಟಿ ಹಿಡಿಯಂಗಿಲ್ಲೇನು? ಅಮಾಸಿ ಕಡೆ ಕಡಿದು, ಹರಿಯೂ ನೀರಾಗ ನೆನಿ ಹಾಕು, ಆಮ್ಯಾಲೆ ನೋಡು.” ಬೆಳದಿಂಗಳಿನ ಲೆಕ್ಕ ಏನೇ ಇರಲಿ, ನೀರಿನ ಲೆಕ್ಕಕ್ಕೆ ಕಾರಣ ಇದೆ. ಕುಟ್ಟೆ ಹುಳು ಬರುವುದು ಬಿದಿರಿನೊಳಗಿನ ಪಿಷ್ಟ ತಿನ್ನುವುದಕ್ಕೆ. ನೀರಿನಲ್ಲಿ ವಾರಗಟ್ಟಲೆ ಬಿದ್ದರೆ ಅದು ತೊಳೆದುಹೋಗುತ್ತದೆ. ಕಾಡಿನಿಂದ ಗಳ ಕಡಿಸಿ ಬಂದರಿಗೆ ಸಾಗಿಸಿದ ವ್ಯಾಪಾರಿಗಳು ಒಬ್ಬ ಮೇದಾರನನ್ನು ಕೇಳಿದ್ದರೆ ಸಾಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಗಿಣ್ಣಿನ ದೂರು ಹಾಗೇ ಉಳಿಯುತ್ತಿತ್ತು, ಒಪ್ಪುತ್ತೇನೆ.

ಬಿದಿರನ್ನು ಸೀಳಿ ಹೊರಮೈಯ ನಾರನ್ನು ನೆಚ್ಚುವ ವಿದ್ಯೆಗೆ ನಮ್ಮ ಹೊಳೆಯಲ್ಲಿ ದಾಖಲೆಯೂ ಉಂಟು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗುಂದಿಯ ಕಡೆಗೆ ಜನ ಹೊಳೆ ದಾಟುವುದನ್ನು ಕಂಡ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತವೆ ಅಂತ ಬರೆದಿಟ್ಟ. ಇವತ್ತು ಹಂಪಿಯಲ್ಲಿ ಪ್ರವಾಸಿಗಳು ಕೂತು ಗರಗರ ತಿರುಗಿ ಫೋಟೊ ತೆಗೆಸಿಕೊಳ್ಳುವ ತೆಪ್ಪ ಅದರದ್ದೇ ಸಂತಾನ; ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್, ಡಾಂಬರು ಬಂದಿದೆ, ಅಷ್ಟೇ. ಬಂಡೆಗೆ ಬಡಿದರೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಮೀನು ಎಳೆದಾಗ ಕೋಲು ಮಾಡುವುದೂ ಅದನ್ನೇ. ವಚನಕಾರರಲ್ಲಿ ಮೇದರ ಕೇತಯ್ಯನೂ ಇದ್ದಾನೆ, ಅಂಬಿಗರ ಚೌಡಯ್ಯನೂ ಇದ್ದಾನೆ. ತೆಪ್ಪಕ್ಕೆ ಇಬ್ಬರ ಕಸುಬೂ ಬೇಕು.

ಕೋಲಿನ ಕಾಲ ಮುಗಿದದ್ದು ತಟ್ಟಂತ. 1950ರ ಕೊನೆಗೆ ಕೊರಿಯಾ ಯುದ್ಧದ ನಡುವೆ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿತು, ಅಲ್ಲಿನವರಿಗೆ ಟಾಂಕಿನ್ ಬಿದಿರು ನಿಂತಿತು. ಅಷ್ಟರಲ್ಲಿ ಫೈಬರ್ ಗ್ಲಾಸ್ ಬಂದಿತ್ತು. ಹಗುರ, ಅಗ್ಗ, ಒದ್ದೆ ಚೀಲದಲ್ಲಿಟ್ಟರೂ ಬಿಚ್ಚಿಕೊಳ್ಳದು. ನಮ್ಮಲ್ಲಿ ಹೊಳೆಯೇ ಬದಲಾಯಿತು. 1953ರಲ್ಲಿ ಡ್ಯಾಮಿನಲ್ಲಿ ನೀರು ನಿಂತಿತು. ಹೊಳೆಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದ ಮೀನಿಗೆ ಗೋಡೆ ಅಡ್ಡ ಬಂತು. ನಿಂತ ನೀರಿಗೆ ಕಾಟ್ಲಾ, ರೋಹು ಬಂದವು, ಅವಕ್ಕೆ ಬಲೆ ಸಾಕು. ಆ ಎಂಜಿನಿಯರ್ ಕೋಲನ್ನು ಇಲ್ಲೇ ಬಿಟ್ಟು ಹೋದದ್ದು ಅದೇ ಕಾರಣಕ್ಕೋ ಏನೋ.

ಬಿದಿರಿನದು ಇನ್ನೊಂದು ಕಥೆ. 1927ರ ಅರಣ್ಯ ಕಾಯ್ದೆ ಹುಲ್ಲಿನ ಜಾತಿಯ ಬಿದಿರನ್ನು ಮರ ಅಂತ ಕರೆಯಿತು. ಕಾಡಿನ ಹೊರಗೆ ಬೆಳೆದದ್ದನ್ನಾದರೂ ಆ ಪಟ್ಟಿಯಿಂದ ತೆಗೆದದ್ದು 2017ರಲ್ಲಿ, ತೊಂಬತ್ತು ವರ್ಷಕ್ಕೆ. ನಡುವೆ ಕಾಗದದ ಗಿರಣಿಗಳು ಬಂದವು. 1970ರ ದಶಕದಲ್ಲಿ ಕರ್ನಾಟಕದ ಬುಟ್ಟಿ ಹೆಣೆಯುವವರು ಬಿದಿರು ಮುಗಿಯುತ್ತಿದೆ ಅಂತ ದೂರಿದ ಮೇಲೆ ಮಾಧವ ಗಾಡ್ಗೀಳರು ಕಾಡಿಗೆ ಹೋಗಿ ನೋಡಿದರು. ಗಿರಣಿಗಳಿಗೆ ಟನ್ನಿಗೆ ಒಂದೂವರೆ ರೂಪಾಯಿ, ಅದೇ ಬಿದಿರು ಬುಟ್ಟಿಯವರಿಗೆ ಪೇಟೆಯಲ್ಲಿ ಸಾವಿರಗಟ್ಟಲೆ ಅಂತ ಅವರೇ ಬರೆದಿದ್ದಾರೆ. ಮೆಳೆಯ ಬುಡದ ಮುಳ್ಳನ್ನು ಸವರಿ ‘ಚೊಕ್ಕಟ’ ಮಾಡಿದ್ದರಿಂದ ಎಳೆ ಕಳಲೆ ದನಗಳ ಬಾಯಿಗೆ ಬೀಳುತ್ತಿತ್ತು ಅನ್ನುವುದನ್ನೂ ಕಂಡುಹಿಡಿದರು. ಹಳ್ಳಿಯವರು ಅದನ್ನು ಮೊದಲೇ ಹೇಳಿದ್ದರು.

“ಈಗ ಒಂದು ಗಳಕ್ಕ ಕೊಡೂ ರೊಕ್ಕ ಒಂದು ಮೊರ ಮಾರಿದ್ರ ಬರಂಗಿಲ್ಲ” ಅಂದರು ಅಜ್ಜ. ಅಷ್ಟು ಹೇಳಿ, ಏಣಿಗೆ ಅಂತ ತಂದಿಟ್ಟಿದ್ದ ಗಳದ ಕಡೆ ಕೈ ಮಾಡಿದರು. ಮುರಿದ ಸೀಳಿನ ಬದಲಿಗೆ ಒಂದು ಹೊಸದು ತೆಗೆದುಕೊಡುತ್ತೇನೆ, ನಾಡಿದ್ದು ಬಾ ಅಂದರು.

ನಾಡಿದ್ದು ಹೋದಾಗ ಸಿದ್ಧವಾಗಿತ್ತು. ಮಚ್ಚಿನಿಂದ ತೆಗೆದು, ಗಾಜಿನ ಚೂರಿನಿಂದ ಹೆರೆದು, ಉಳಿದ ಐದರ ನಡುವೆ ಇಟ್ಟು ನೋಡಿ ನೋಡಿ ಮೂಲೆ ಕೂಡಿಸಿದ್ದರು. ಅಳತೆಯ ಉಪಕರಣ ಅಂತ ಅವರ ಹತ್ತಿರ ಇದ್ದದ್ದು ಹೆಬ್ಬೆರಳಿನ ಉಗುರು. ಗಿಣ್ಣುಗಳು ಬೇರೆಯವಕ್ಕಿಂತ ಹತ್ತಿರ, ಆದರೂ ಯಾವುದೂ ಪಕ್ಕದವುಗಳ ಗಿಣ್ಣಿಗೆ ತಾಗದ ಹಾಗೆ ಸರಿಸಿದ್ದರು. ದುಡ್ಡು ಕೇಳಿದ್ದು ಒಂದು ಮೊರದ ಬೆಲೆ. ನಾನು ಅದಕ್ಕಿಂತ ಹೆಚ್ಚು ಕೊಟ್ಟೆ, ಎಷ್ಟು ಅಂತ ಬೇಡ.

ಮನೆಗೆ ಬಂದು ಅಂಗಡಿಯ ಅಂಟು ಹಚ್ಚಿ, ದಾರ ಬಿಗಿದು, ವಾರ ಬಿಟ್ಟು ವಾರ್ನಿಷ್ ಹೊಡೆದೆ. ಈಗ ನಡುವಿನ ತುಂಡಿನಲ್ಲಿ ಐದು ಸೀಳು ಚೀನಾದವು, ಒಂದು ಕಂಪ್ಲಿಯದು. ಕೋಲನ್ನು ಗೋಡೆಗೆ ಒರಗಿಸುವುದಿಲ್ಲ, ಒರಗಿಸಿದರೆ ಬಾಗು ಕೂತುಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಮೊಳೆಗೆ ತೂಗುಹಾಕುತ್ತೇನೆ. ಕಾಲುವೆಗೆ ನೀರು ಬಿಟ್ಟಾಗ ಒಂದೊಂದು ಭಾನುವಾರ ಒಯ್ಯುತ್ತೇನೆ. ಭಾರ, ಒಂದು ತಾಸಿಗೆ ಮಣಿಕಟ್ಟು ನೋಯುತ್ತದೆ. ಫೈಬರಿನ ಕೋಲಿನಂತೆ ಸರ್ ಅಂತ ಬೀಸಲು ಬರುವುದಿಲ್ಲ. ಹಿಂದಕ್ಕೆ ಬೀಸಿ, ಕೋಲು ಬಾಗುವವರೆಗೆ ಸುಮ್ಮನೆ ಕಾಯಬೇಕು, ಆಮೇಲೆ ಅದೇ ಎಸೆಯುತ್ತದೆ. ಮೀನು ಕಚ್ಚಿದರೆ ಹಿಡಿಯವರೆಗೂ ಗೊತ್ತಾಗುತ್ತದೆ. ಎಳೆದಾಗ ಕಂಪ್ಲಿಯ ಸೀಳಿನ ಕಡೆಗೆ ಸ್ವಲ್ಪ, ಒಂದು ಕೂದಲೆಳೆಯಷ್ಟು, ವಾಲುತ್ತದೆ.