ಶಂಕರಾಭರಣವೂ ಸುರ್ ಸಂಗಮವೂ

1980ನೆಯ ಇಸವಿಯಲ್ಲಿ ಕೆ. ವಿಶ್ವನಾಥರು ತೆಲುಗಿನಲ್ಲಿ ನಿರ್ದೇಶಿಸಿದ ‘ಶಂಕರಾಭರಣ’ವು ತೆರೆಗೆ ಬಂದ ಮೊದಲ ದಿನಗಳಲ್ಲಿ ಚಿತ್ರಮಂದಿರಗಳು ಬಹುಮಟ್ಟಿಗೆ ಬರಿದಾಗಿದ್ದುವು. ಬಳಿಕ ಕಂಡವರ ಬಾಯಿಂದಲೇ ಅದರ ಕೀರ್ತಿ ಹಬ್ಬಿತು. ತೆಲುಗನ್ನರಿಯದ ಕನ್ನಡಿಗರೂ ತಮಿಳರೂ ಅದನ್ನು ಮೂಲಭಾಷೆಯಲ್ಲಿಯೇ ನೋಡಿ ತಣಿದರು. ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ ಕೃತಿಯೊಂದು ಅದರಲ್ಲಿ ಕೇಳಿಬರುವುದು ನಮ್ಮವರಿಗೆ ವಿಶೇಷ ಹರ್ಷವನ್ನುಂಟುಮಾಡಿದುದು ಸಹಜವೇ. ಹಾಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಗುರುಮುಖದಿಂದ ಶಾಸ್ತ್ರಾಭ್ಯಾಸ ಮಾಡಿದವರಲ್ಲ. ಆದರೂ ಅವರಿಗೂ, ವಾಣೀ ಜಯರಾಂ ಅವರಿಗೂ, ಸಂಗೀತವನ್ನಳವಡಿಸಿದ ಕೆ. ವಿ. ಮಹದೇವನ್ ಅವರಿಗೂ ರಾಷ್ಟ್ರಪ್ರಶಸ್ತಿಗಳು ಸಂದುವು.

1985ರಲ್ಲಿ ಅದೇ ನಿರ್ದೇಶಕರು ಅದೇ ಕಥೆಯನ್ನು ಹಿಂದಿಯಲ್ಲಿ ‘ಸುರ್ ಸಂಗಮ’ವೆಂದು ತೆಗೆದರು. ನಾಯಕರು ನಮ್ಮ ಗಿರೀಶ ಕಾರ್ನಾಡರು. ಗಾನವು ಕಾಶಿಯ ರಾಜನ್–ಸಾಜನ್ ಮಿಶ್ರ ಸಹೋದರರದು. ಶಾಸ್ತ್ರಶುದ್ಧಿಯಲ್ಲಿ ಇದಕ್ಕೇನು ಕೊರತೆ? ಆದರೂ ಮೂಲಕ್ಕೆ ದೊರೆತ ಜನಾದರವು ಇದಕ್ಕೆ ದೊರೆಯಲಿಲ್ಲ.

ಉತ್ತರದವರಿಗೆ ಸಂಗೀತಾಭಿರುಚಿಯಿಲ್ಲವೆಂದುಬಿಡುವುದು ದುಡುಕಿನ ಮಾತು. ಇದೇ ವಿಶ್ವನಾಥರು ತಮ್ಮ ‘ಸಿರಿಸಿರಿಮುವ್ವ’ವನ್ನು 1979ರಲ್ಲಿ ‘ಸರ್ಗಮ್’ ಎಂದು ಹಿಂದಿಗೆ ತಂದಾಗ ಅದೇ ಜನರು ಅದನ್ನು ಆದರಿಸಿದ್ದರು. ನಟಿ ಜಯಪ್ರದಾ, ಸಂಗೀತಗಾರರು ಲಕ್ಷ್ಮೀಕಾಂತ್–ಪ್ಯಾರೇಲಾಲ್—ಎರಡರಲ್ಲಿಯೂ ಅವರೇ. ಆದರೆ ‘ಸರ್ಗಮ್’ನ ಮೂಕ ನರ್ತಕಿಯ ದುಃಖವನ್ನರಿಯಲು ಯಾವ ಸಂಪ್ರದಾಯದ ಪರಿಚಯವೂ ಬೇಕಿರಲಿಲ್ಲ. ಶಂಕರಶಾಸ್ತ್ರಿಯಾದರೋ ರಾಗವೊಂದರ ಹೆಸರನ್ನೇ ಬಿರುದಾಗಿ ಹೊತ್ತವನು. ಆ ರಾಗದ ಸ್ವರಗಳು ಹಿಂದೂಸ್ತಾನಿಯಲ್ಲಿ ಬಿಲಾವಲ್ ಎಂಬ ಹೆಸರಿನಲ್ಲಿವೆ. ಆದರೆ ಶಂಕರನ ಆಭರಣವೆಂಬ ಶ್ಲೇಷೆಯಾಗಲಿ, ತ್ಯಾಗರಾಜ–ರಾಮದಾಸರ ಕೀರ್ತನೆಗಳನ್ನು ಮನೆಯಲ್ಲಿ ಕೇಳುತ್ತ ಬೆಳೆದವರಿಗೆ ಆ ಹೆಸರಿನೊಡನೆ ಏಳುವ ನೆನಪುಗಳಾಗಲಿ ಸ್ವರಗಳ ಸಂಗಡ ವಿಂಧ್ಯವನ್ನು ದಾಟಲಿಲ್ಲ.