ವೈದ್ಯವೃತ್ತಿಯಿಂದ ರಾಷ್ಟ್ರರಾಜಕಾರಣಕ್ಕೆ: ಡಾ. ಪಟ್ಟಾಭಿ ಸೀತಾರಾಮಯ್ಯ ಮತ್ತು ಭಾಷಾವಾರು ಪ್ರಾಂತಗಳ ಪ್ರಶ್ನೆ

ಡಾ. ಭೋಗರಾಜು ಪಟ್ಟಾಭಿ ಸೀತಾರಾಮಯ್ಯ (1880–1959) ವೃತ್ತಿಯಿಂದ ವೈದ್ಯರು. ಸ್ವಾತಂತ್ರ್ಯ ಹೋರಾಟಗಾರರಾಗಿ, ಬ್ಯಾಂಕ್ ಸ್ಥಾಪಕರಾಗಿ, ಕಾಂಗ್ರೆಸ್ಸಿನ ಇತಿಹಾಸಕಾರರಾಗಿ, ಅದರ ಅಧ್ಯಕ್ಷರಾಗಿ, ಕೊನೆಗೆ ರಾಜ್ಯಪಾಲರಾಗಿ ದುಡಿದವರು. ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಸಾಮಾನ್ಯವಾಗಿ ಎರಡೇ ಕಡೆ ಕಾಣಿಸುತ್ತದೆ: 1939ರಲ್ಲಿ ಸುಭಾಷಚಂದ್ರ ಬೋಸರ ಎದುರು ಸೋತ ಅಭ್ಯರ್ಥಿಯೆಂದು, ಮತ್ತು ಜೆ.ವಿ.ಪಿ. ಸಮಿತಿಯ ಮೂರನೆಯ ಅಕ್ಷರವೆಂದು. ಆದರೆ ಇಂದಿನ ರಾಜ್ಯಗಳ ಗಡಿರೇಖೆಗಳು ಹೇಗೆ ಮೂಡಿದವು ಎಂಬುದನ್ನು ತಿಳಿಯಬಯಸುವ ಗಡಿನಾಡಿನ ಕನ್ನಡ ಕುಟುಂಬಗಳಿಗೆ ಇವರ ಜೀವನವು ಪರಿಚಿತವಾಗಿರಬೇಕು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪಟ್ಟಾಭಿಯವರು 1880ರ ನವೆಂಬರ್ 24ರಂದು ಆಂಧ್ರದ ಗುಂಡುಗೊಲನು ಗ್ರಾಮದಲ್ಲಿ ಜನಿಸಿದರು. ಕುಟುಂಬವು ಬಡತನದಲ್ಲಿತ್ತು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದು, ಅನಂತರ ಅದೇ ನಗರದಲ್ಲಿ ವೈದ್ಯಶಿಕ್ಷಣವನ್ನು ಪೂರೈಸಿ ಎಂ.ಬಿ.ಸಿ.ಎಂ. ಪದವೀಧರರಾದರು. ಕರಾವಳಿಯ ಮಚಲಿಪಟ್ಟಣದಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದರು.

ವಂಗಭಂಗದ ನಂತರದ ಸ್ವದೇಶಿ ಚಳವಳಿಯು ಆಂಧ್ರವನ್ನು ತಲುಪಿದ್ದ ಕಾಲವದು. ಕೋಪಲ್ಲೆ ಹನುಮಂತರಾವ್, ಮುಟ್ನೂರಿ ಕೃಷ್ಣರಾವ್ ಅವರೊಡನೆ ಸೇರಿ ಪಟ್ಟಾಭಿಯವರು ಮಚಲಿಪಟ್ಟಣದಲ್ಲಿ ಆಂಧ್ರ ಜಾತೀಯ ಕಲಾಶಾಲೆಯನ್ನು ಕಟ್ಟಿದರು. ಇಲ್ಲಿ ‘ಜಾತೀಯ’ ಎಂದರೆ ತೆಲುಗಿನಲ್ಲಿ ‘ರಾಷ್ಟ್ರೀಯ’ ಎಂದರ್ಥ. ಸರಕಾರದ ಹಂಗಿಲ್ಲದೆ ಜನರ ವಂತಿಗೆಯಿಂದ ನಡೆಯುವ, ಓದಿನ ಜೊತೆಗೆ ಕೈಕಸುಬನ್ನೂ ಕಲಿಸುವ ಶಾಲೆಯನ್ನು ಕಟ್ಟುವುದು ಅವರ ಉದ್ದೇಶವಾಗಿತ್ತು. ಕ್ರಮೇಣ ಸಾರ್ವಜನಿಕ ಕಾರ್ಯವು ಹೆಚ್ಚಿದಂತೆ, ಚೆನ್ನಾಗಿ ನಡೆಯುತ್ತಿದ್ದ ವೈದ್ಯವೃತ್ತಿಯನ್ನು ಅವರು ತೊರೆದರು.

ಸಂಸ್ಥೆಗಳ ನಿರ್ಮಾಪಕ

ಸಾಲದ ಶೂಲಕ್ಕೆ ಸಿಲುಕಿದ ರೈತನಿಗೆ ಭಾಷಣದಿಂದ ಪ್ರಯೋಜನವಿಲ್ಲವೆಂಬುದನ್ನು ಅವರು ಅರಿತಿದ್ದರು. ಕೃಷ್ಣಾ ಜಿಲ್ಲೆಯ ಸಹಕಾರಿ ಚಳವಳಿಯಲ್ಲಿ ಮುಂದಾಳಾಗಿ ದುಡಿದ ಬಳಿಕ, 1923ರಲ್ಲಿ ಮಚಲಿಪಟ್ಟಣದಲ್ಲಿ ಆಂಧ್ರ ಬ್ಯಾಂಕನ್ನು ಸ್ಥಾಪಿಸಿದರು. 1980ರಲ್ಲಿ ರಾಷ್ಟ್ರೀಕರಣಗೊಂಡ ಈ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆಂಧ್ರ ವಿಮಾ ಕಂಪನಿಯ ಸ್ಥಾಪನೆಯಲ್ಲಿಯೂ ಅವರ ಪಾತ್ರವಿತ್ತು. ‘ಜನ್ಮಭೂಮಿ’ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು 1919ರಿಂದ ಸುಮಾರು ಒಂದು ದಶಕದ ಕಾಲ ನಡೆಸಿದರು.

ಭಾಷಾವಾರು ಪ್ರಾಂತಗಳ ಪ್ರತಿಪಾದಕ

ಅಂದಿನ ಮದರಾಸು ಪ್ರಾಂತದಲ್ಲಿ ತಮಿಳು, ತೆಲುಗು, ಮಲಯಾಳ, ಕನ್ನಡ, ತುಳು ಭಾಷಿಕರೆಲ್ಲರೂ ಒಂದೇ ಆಡಳಿತದಲ್ಲಿದ್ದರು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳೂ ಆ ಪ್ರಾಂತಕ್ಕೇ ಸೇರಿದ್ದವು. ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕಾಗಿತ್ತು. 1913ರಲ್ಲಿ ಬಾಪಟ್ಲದಲ್ಲಿ ಮೊದಲ ಆಂಧ್ರ ಮಹಾಸಭೆ ಸೇರಿದ ಕಾಲದಿಂದ ಪಟ್ಟಾಭಿಯವರು ತೆಲುಗರಿಗೆ ಪ್ರತ್ಯೇಕ ಪ್ರಾಂತ ಬೇಕೆಂದು ವಾದಿಸಿದರು. ಆಡಳಿತವು ಜನರ ಭಾಷೆಯಲ್ಲಿ ನಡೆಯದಿದ್ದರೆ ಸ್ವರಾಜ್ಯವು ಓದುಬಲ್ಲ ಕೆಲವರ ಸೊತ್ತಾಗಿ ಉಳಿಯುತ್ತದೆಂಬುದು ಭಾಷಾವಾರು ಪ್ರಾಂತವಾದಿಗಳ ವಾದದ ತಿರುಳಾಗಿತ್ತು.

1917ರಲ್ಲಿ ಈ ವಿಷಯ ಕಾಂಗ್ರೆಸ್ಸಿನ ಮುಂದೆ ಬಂದಿತು. ಕಾಯುವುದು ಲೇಸೆಂದು ಗಾಂಧೀಜಿಯವರು ಭಾವಿಸಿದ್ದರು. ಲೋಕಮಾನ್ಯ ತಿಲಕರು ಬೆಂಬಲಿಸಿದರು. ಆಂಧ್ರಕ್ಕೆ ಪ್ರತ್ಯೇಕ ಕಾಂಗ್ರೆಸ್ ಮಂಡಲ ದೊರೆಯಿತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದಲ್ಲಿ ಪುನರ್ರಚಿಸಿಕೊಂಡಿತು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ಎಂಬ ಒಂದು ನೆಲೆ ದೊರೆತದ್ದು ಈ ತೀರ್ಮಾನದಿಂದಲೇ.

ಸೆರೆಮನೆ, ಗ್ರಂಥರಚನೆ, ಸೋಲು

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಪಟ್ಟಾಭಿಯವರು ಸೆರೆಮನೆ ಸೇರಿದರು. 1935ರಲ್ಲಿ, ಕಾಂಗ್ರೆಸ್ಸಿನ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ, ಅದರ ಅಧಿಕೃತ ಇತಿಹಾಸವನ್ನು ಬರೆದರು. 1939ರ ಜನವರಿಯಲ್ಲಿ ನಡೆದ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಯಲ್ಲಿ ಗಾಂಧೀಜಿಯವರ ಬೆಂಬಲವಿದ್ದರೂ ಸುಭಾಷಚಂದ್ರ ಬೋಸರೆದುರು ಇನ್ನೂರಕ್ಕೂ ಹೆಚ್ಚು ಮತಗಳಿಂದ ಸೋತರು. ಆ ಸೋಲು ಪಟ್ಟಾಭಿಯವರಿಗಿಂತ ಹೆಚ್ಚಾಗಿ ತಮ್ಮದೆಂದು ಗಾಂಧೀಜಿಯವರು ಬಹಿರಂಗವಾಗಿ ಹೇಳಿಕೊಂಡರು.

1942ರ ಆಗಸ್ಟಿನಲ್ಲಿ ಕಾರ್ಯಕಾರಿ ಸಮಿತಿಯ ಇತರ ಸದಸ್ಯರೊಡನೆ ಬಂಧಿತರಾಗಿ ಅಹಮದನಗರದ ಕೋಟೆಯಲ್ಲಿ ಸುಮಾರು ಮೂರು ವರ್ಷ ಕಳೆದರು. ಮುಂದೆ ಸಂವಿಧಾನ ಸಭೆಯ ಸದಸ್ಯರಾದರು.

ಜೆ.ವಿ.ಪಿ. ಸಮಿತಿಯ ಇಕ್ಕಟ್ಟು

1948ರಲ್ಲಿ ಪುರುಷೋತ್ತಮದಾಸ್ ಟಂಡನ್ನರನ್ನು ಸೋಲಿಸಿ ಪಟ್ಟಾಭಿಯವರು ಕಾಂಗ್ರೆಸ್ ಅಧ್ಯಕ್ಷರಾದರು. ಅದೇ ವರ್ಷದ ಡಿಸೆಂಬರಿನಲ್ಲಿ, ಎಸ್.ಕೆ. ಧರ್ ಆಯೋಗವು ಕೇವಲ ಭಾಷೆಯ ಆಧಾರದಲ್ಲಿ ಪ್ರಾಂತಗಳನ್ನು ರಚಿಸುವುದು ಸಲ್ಲದೆಂದು ವರದಿಯಿತ್ತಿತು. ಅಸಮಾಧಾನ ಭುಗಿಲೆದ್ದಾಗ ಜೈಪುರ ಅಧಿವೇಶನವು ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯನ್ನು ನೇಮಿಸಿತು.

1949ರ ಏಪ್ರಿಲ್‌ನಲ್ಲಿ ಹೊರಬಂದ ಆ ಸಮಿತಿಯ ವರದಿಯು ದೇಶದ ಭದ್ರತೆ, ಐಕ್ಯ ಹಾಗೂ ಆರ್ಥಿಕ ಏಳಿಗೆಗಳನ್ನು ಮುಂದಿಟ್ಟು, ಭಾಷಾವಾರು ಪ್ರಾಂತಗಳ ರಚನೆಯನ್ನು ಮುಂದೂಡಲು ಸಲಹೆಯಿತ್ತಿತು. ಭಾಷೆಯು ಕೂಡಿಸುವ ಶಕ್ತಿಯಾಗಿರುವಂತೆ ಒಡೆಯುವ ಶಕ್ತಿಯೂ ಆಗಬಲ್ಲದೆಂಬುದು ಅದರ ಆತಂಕ. ಆಂಧ್ರದ ಬೇಡಿಕೆಯನ್ನು ಮಾತ್ರ ಪ್ರತ್ಯೇಕವಾಗಿ ಪರಿಗಣಿಸಬಹುದೆಂದಿತು. ಆದರೆ ತೆಲುಗರು ಮದರಾಸು ನಗರದ ಮೇಲಣ ಹಕ್ಕನ್ನು ಬಿಟ್ಟುಕೊಡಬೇಕೆಂಬ ನಿಬಂಧನೆಯನ್ನು ಹಾಕಿತು. ಮೂರು ದಶಕಗಳ ಕಾಲ ಭಾಷಾಪ್ರಾಂತಕ್ಕಾಗಿ ವಾದಿಸಿದವರೇ ಅದನ್ನು ತಡೆಹಿಡಿಯುವ ವರದಿಗೆ ಸಹಿ ಹಾಕಿದರೆಂಬ ಟೀಕೆ ಪಟ್ಟಾಭಿಯವರಿಗೆ ತಪ್ಪಲಿಲ್ಲ. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದುದನ್ನು ನೆನೆದರೆ ಆ ನಿಲುವಿನ ಕಾರಣ ತಿಳಿಯುತ್ತದೆ. ಆದರೆ ಏಕೀಕರಣಕ್ಕಾಗಿ ಕಾದಿದ್ದ ಕನ್ನಡಿಗರ ಪಾಲಿಗೆ ಅದು ಮತ್ತಷ್ಟು ಕಾಯಿರೆಂಬ ಉತ್ತರವಾಗಿತ್ತು.

ಮುಂದೂಡಿದ ಪ್ರಶ್ನೆ ಮರಳಿ ಬಂದಿತು. ಪೊಟ್ಟಿ ಶ್ರೀರಾಮುಲು ಅವರು 58 ದಿನಗಳ ಉಪವಾಸದ ಬಳಿಕ 1952ರ ಡಿಸೆಂಬರ್ 15ರಂದು ಪ್ರಾಣತೆತ್ತರು. 1953ರ ಅಕ್ಟೋಬರ್ 1ರಂದು, ಮದರಾಸು ನಗರವಿಲ್ಲದೆ, ಆಂಧ್ರ ರಾಜ್ಯ ಉದಯಿಸಿತು. ಅಂದೇ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರು ರಾಜ್ಯಕ್ಕೆ ಬಂದವು. 1956ರ ನವೆಂಬರ್ 1ರ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು.

ಕೊನೆಯ ವರ್ಷಗಳು

ಪಟ್ಟಾಭಿಯವರು 1952ರಿಂದ 1957ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದರು. ಅವರ ಅಧಿಕಾರಾವಧಿಯಲ್ಲೇ ಆ ರಾಜ್ಯವೂ ಪುನರ್ರಚನೆಗೊಂಡಿತು. 1959ರ ಡಿಸೆಂಬರ್ 17ರಂದು ಅವರು ನಿಧನರಾದರು.

ಗಡಿನಾಡಿನ ಓದುಗರಿಗೆ

ಭಾಷಾವಾರು ರಾಜ್ಯಗಳಿಂದ ಬಹುಜನರಿಗೆ ತಮ್ಮ ನುಡಿಯ ಆಡಳಿತ ದೊರೆಯಿತು. ಆದರೆ ಎರಡು ಮೂರು ನುಡಿಗಳು ಬೆರೆತಿರುವ ಸೀಮೆಯಲ್ಲಿ ಯಾವ ಗೆರೆಯನ್ನು ಎಳೆದರೂ ಕೆಲವರು ಆಚೆ ಉಳಿಯುತ್ತಾರೆ. ಹೀಗೆ ಉಳಿದವರಿಗಾಗಿಯೇ 1956ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ ಎರಡು ವಿಧಿಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದೆಂದು 350-ಎ ವಿಧಿ ಹೇಳುತ್ತದೆ. 350-ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗಾಗಿ ರಾಷ್ಟ್ರಪತಿಗಳು ವಿಶೇಷಾಧಿಕಾರಿಯೊಬ್ಬರನ್ನು ನೇಮಿಸುತ್ತಾರೆ. ಅವರ ವರದಿಗಳು ಸಂಸತ್ತಿನ ಮುಂದೆ ಬರುತ್ತವೆ.

ಕನ್ನಡ ಶಿಕ್ಷಕರ ಹುದ್ದೆ ಖಾಲಿಯಾದಾಗ, ಪಠ್ಯಪುಸ್ತಕ ತಡವಾದಾಗ ಪಾಲಕರು ಬರೆಯುವ ಮನವಿಯಲ್ಲಿ ಈ ಎರಡು ವಿಧಿಗಳ ಉಲ್ಲೇಖವಿರಲಿ. ನಾವು ಕೇಳುವುದು ಯಾರ ದಾಕ್ಷಿಣ್ಯವನ್ನೂ ಅಲ್ಲ. ಗಡಿರೇಖೆ ಎಳೆದ ಕಾಲದಲ್ಲೇ, ಆ ರೇಖೆಯ ಆಚೆ ಉಳಿದವರಿಗೆ ಸಂವಿಧಾನವು ಕೊಟ್ಟ ಮಾತನ್ನು ಕೇಳುತ್ತಿದ್ದೇವೆ.