ಕಾವಲು ನಾಯಿಗೊಂದು ಕಂಬಳಿ

ಪುಷ್ಯ ಮಾಸದ ಇರುಳಿನಲ್ಲಿ ನಂದಿಬೆಟ್ಟದ ಸಾಲಿನಿಂದ ಇಳಿದುಬರುವ ಗಾಳಿ ಎಂಥದೆಂಬುದನ್ನು ಚಿಕ್ಕಬಳ್ಳಾಪುರದ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1478 ಮೀಟರು ಎತ್ತರದ ಆ ಬೆಟ್ಟದ ಮಂಜನ್ನು ಕಣ್ತುಂಬ ನೋಡಿ ಸಂತೋಷಪಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಆದರೆ ಅದೇ ಮಂಜು ಬೆಟ್ಟದ ಬುಡದ ಬಯಲಿಗಿಳಿದು ರಾಗಿಯ ಕೂಳೆಯ ಮೇಲೆ ಕುಳಿತಾಗ ಅದನ್ನು ನೋಡುವವರು ಬೇರೆ. ಅವರು ಕುರಿ ಕಾಯುವವರು. ಅವರ ಮಗ್ಗುಲಲ್ಲಿ ಅವರ ನಾಯಿ.

ರಾಗಿ ಕೊಯ್ಲು ಮುಗಿದ ಮೇಲೆ ಬಯಲಾದ ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಕುರುಬನಿಗೆ ಕಾಳು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ದಂಡೆಯ ಹೊಲಗಳಾಗಲಿ, ಚಿಂತಾಮಣಿಯ ಕಡೆಯ ಕೆಮ್ಮಣ್ಣಿನ ದಿಣ್ಣೆಗಳಾಗಲಿ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ಆಚೆಯ ಬೀಳುಗಳಾಗಲಿ, ಎಲ್ಲೆಡೆಯೂ ಈ ಮೂರರ ಒಪ್ಪಂದ ನಡೆದುಬಂದಿತ್ತು. ಒಪ್ಪಂದದಲ್ಲಿ ನಾಲ್ಕನೆಯವನೊಬ್ಬನಿದ್ದ. ತೋಳ, ಚಿರತೆ, ಕಳ್ಳ ಇವರು ಬಂದರೆ ಮೊದಲು ಎದ್ದು ನಿಲ್ಲಬೇಕಾದವನು ಅವನು. ಅವನ ಪಾಲಿನ ಕರಾರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿದುದಿಲ್ಲ. ಒಂದು ಮುದ್ದೆಯ ಚೂರು, ಬೆಂಕಿಯಿಂದ ಮೂರು ಮಾರು ದೂರದಲ್ಲಿ ಮಲಗಲು ಜಾಗ, ಇಷ್ಟೇ. ಕುರುಬನಿಗೆ ಕಂಬಳಿಯುಂಟು, ಕುರಿಗೆ ಹುಟ್ಟಿನಿಂದ ಬಂದ ಉಣ್ಣೆಯುಂಟು. ಇಬ್ಬರನ್ನೂ ಕಾಯುವ ನಾಯಿಗೆ ಏನುಂಟು? ಈ ಹೊತ್ತಿನ ನನ್ನ ಮಾತಿಗೆ ಈ ಪ್ರಶ್ನೆಯೇ ವಸ್ತು.

ಕನ್ನಡ ನಾಡು ನಾಯಿಯನ್ನು ಮರೆತ ನಾಡೆಂದು ಮಾತ್ರ ಯಾರೂ ಹೇಳಲಾರರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಇದಕ್ಕೆ ಸಾಕ್ಷಿ. ಶಕವರ್ಷ 872, ಎಂದರೆ ಕ್ರಿ.ಶ. 949-50ರ ಶಾಸನವದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನನ್ನು ಮೆಚ್ಚಿ ಒಡೆಯ ಬೇಕಾದುದನ್ನು ಬೇಡೆಂದಾಗ ಅವನು ಊರನ್ನೋ ಹೊನ್ನನ್ನೋ ಕೇಳದೆ ಕಾಳಿಯೆಂಬ ನಾಯಿಯನ್ನು ಕೇಳಿದ. ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ನಾಯಿಯೂ ಹಂದಿಯೂ ಒಟ್ಟಿಗೇ ಸತ್ತುವು. ಮಣಲೇರ ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಕಟ್ಟಳೆ ಮಾಡಿದ. ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಹೊತ್ತ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ರಾಜ್ಯದ ಏಳುಬೀಳಿನ ಕಥೆಯೂ ಒಂದು ನಾಯಿಯ ಸಾವಿನ ಕಥೆಯೂ ಒಂದೇ ಕಲ್ಲಿನ ಮೇಲೆ ನಿಂತಿರುವುದು ಅಪರೂಪದ ಸಂಗತಿ.

ಅಲ್ಲಿಂದ ಎರಡು ಶತಮಾನ ಕಳೆಯುವುದರೊಳಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳನ್ನು ಎಣಿಸುತ್ತ ಸಾರಮೇಯ ವಿನೋದಕ್ಕೂ ಒಂದು ಸ್ಥಾನ ಕೊಟ್ಟ. ಹೀಗೆ ಅರಮನೆಗೂ ಗುಡಿಗೂ ನಾಯಿ ಬಂದಿತು. ಆದರೆ ಆನೆಗೆ ಜೂಲು, ಕುದುರೆಗೆ ಜೂಲು, ಸಂಕ್ರಾಂತಿಯ ದಿನ ಎತ್ತಿಗೂ ಬಣ್ಣದ ಜೂಲು ಹೊದಿಸಿದ ನಮ್ಮ ಹಿರಿಯರು ನಾಯಿಯ ಕೊರಳಿಗೆ ಪಟ್ಟಿ ಕಟ್ಟಿ ಅಷ್ಟಕ್ಕೆ ನಿಲ್ಲಿಸಿದರು. ಕಾಳಿಗೆ ಸತ್ತ ಮೇಲೆ ಗದ್ದೆ ದೊರೆಯಿತು. ಬದುಕಿದ್ದಾಗಿನ ಚಳಿಯ ಮಾತು ಶಾಸನದಲ್ಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಶಾಸನದ ಗೊರವ ಶೈವ ಅರ್ಚಕ. ಅದೇ ಹೆಸರು ಇಂದು ಮೈಲಾರಲಿಂಗನ ಒಕ್ಕಲಾದ ಗೊರವಯ್ಯಗಳಿಗೆ ಸಲ್ಲುತ್ತದೆ. ಅವರ ವೇಷವನ್ನು ನೀವು ಜಾತ್ರೆಗಳಲ್ಲಿ ನೋಡಿರಬಹುದು: ಕರಡಿಯ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಮೈಮೇಲೆ ಕರಿಯ ಕಂಬಳಿಯ ನಿಲುವಂಗಿ. ಮೈಲಾರನ ನಾಯಿಗಳೆಂದು ತಮ್ಮನ್ನು ಕರೆದುಕೊಂಡು ಅವರು ಬೊಗಳುತ್ತಾರೆ. ದೋಣಿಯಲ್ಲಿ ಸುರಿದುದನ್ನು ನಾಯಿಗಳಂತೆ ಬಾಯಿಹಾಕಿ ಉಣ್ಣುತ್ತಾರೆ. ಕುರುಬರ ದೈವ, ಕುರುಬರ ಕಂಬಳಿ, ಕುರುಬರ ನಾಯಿ ಮೂರೂ ಅಲ್ಲಿ ಒಂದಾಗಿವೆ. ನಾಯಿಯಾದ ಮನುಷ್ಯನಿಗೆ ಉಣ್ಣೆಯ ಅಂಗಿ ತೊಡಿಸುವುದು ಭಕ್ತಿಗೆ ಹೊಳೆಯಿತು. ನಾಯಿಯಾಗಿಯೇ ಹುಟ್ಟಿದ ನಾಯಿಗೆ ತೊಡಿಸಬಹುದೆಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು.

ನನಗೆ ಅದು ಹೊಳೆದುದು ಒಂಬತ್ತನೆಯ ವಯಸ್ಸಿನಲ್ಲಿ. ಹೊಳೆದ ರೀತಿ ತಪ್ಪಾಗಿತ್ತು. 1970ರ ಸುಮಾರಿನ ಮಾತು. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಯ ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ನಮ್ಮ ಹೊಲದಲ್ಲಿ ಮಂದೆ ನಿಂತಿತ್ತು. ಮಂದೆಯ ಯಜಮಾನ ಮುದುಕ. ನಾನು ಅವನನ್ನು ತಾತ ಎನ್ನುತ್ತಿದ್ದೆ. ಅವನ ಹೆಣ್ಣುನಾಯಿ ಬೂದುಬಣ್ಣದ್ದು, ಎಲುಬು ಎಣಿಸುವಷ್ಟು ತೆಳ್ಳಗಿನ ಮೈ. ಒಂದು ಸಂಜೆ ಅದು ನಡುಗುವುದನ್ನು ಕಂಡು, ಮನೆಯಿಂದ ಗೋಣಿಚೀಲವೊಂದನ್ನು ತಂದು, ಅದರ ಬೆನ್ನಿನ ಮೇಲೆ ಹಾಕಿ, ಹೊಟ್ಟೆಯ ಕೆಳಗೆ ಸೆಣಬಿನ ಹುರಿಯಿಂದ ಬಿಗಿದು ಕಟ್ಟಿ, ದೊಡ್ಡ ಪುಣ್ಯಕಾರ್ಯ ಮಾಡಿದೆನೆಂದು ಹೋಗಿ ಮಲಗಿದೆ. ಅಂದಿನ ರಾತ್ರಿ ಸೋನೆ ಹಿಡಿಯಿತು.

ಬೆಳಗ್ಗೆ ಓಡಿಹೋಗಿ ನೋಡುವಾಗ ತಾತ ಹುರಿಯನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದ. ಗೋಣಿ ನೀರು ಕುಡಿದು ಕಲ್ಲಿನಂತೆ ತೂಗುತ್ತಿತ್ತು. ಗಂಟು ಬಿಚ್ಚಿಕೊಳ್ಳಲಾರದೆ, ಒದ್ದೆಯನ್ನು ಕೊಡವಿಕೊಳ್ಳಲಾರದೆ ನಾಯಿ ಇರುಳೆಲ್ಲ ಅದನ್ನು ಹೊತ್ತಿತ್ತು. ಮುಂಗಾಲಿನ ಸಂದಿಯಲ್ಲಿ ಹುರಿ ಉಜ್ಜಿ ಗಾಯವಾಗಿತ್ತು. ತಾತ ಬೈಯಲಿಲ್ಲ. "ಒದ್ದೆ ಗೋಣಿಗಿಂತ ಬರೀ ಮೈಯೇ ಮೇಲು ಕಣಪ್ಪ. ಮೈಯ ಕಾವೆಲ್ಲ ಅದು ಕುಡಿದುಬಿಡ್ತದೆ" ಎಂದ. ಆಮೇಲೆ ತನ್ನ ಹಳೆಯ ಗೊಂಗಡಿಯ ಅಂಚನ್ನು ಹರಿದು ನಾಯಿಯ ಎದೆಗೂ ಹೊಟ್ಟೆಗೂ ಸುತ್ತಿದ. ತೆಲುಗು ಬೆರೆತ ನಮ್ಮ ಗಡಿಸೀಮೆಯಲ್ಲಿ ಕಂಬಳಿಗೆ ಗೊಂಗಡಿಯೆಂದೇ ಹೆಸರು. ಆ ನಾಯಿ ಆ ಚಳಿಗಾಲವನ್ನು ದಾಟಲಿಲ್ಲ. ವಯಸ್ಸಾಗಿತ್ತೆಂದು ತಾತ ಹೇಳಿದ. ನನ್ನ ಸಮಾಧಾನಕ್ಕಾಗಿ ಹೇಳಿದನೆಂದು ಈಗ ಅನಿಸುತ್ತದೆ.

ತಾತನ ಮಾತಿನ ಹಿಂದಿನ ಕಾರಣವನ್ನು ಮುಂದೆ ಓದಿ ತಿಳಿದೆ. ನಾಯಿಯ ಮೈಯ ಶಾಖ ಸಹಜವಾಗಿ 38ರಿಂದ 39 ಡಿಗ್ರಿ, ನಮ್ಮದಕ್ಕಿಂತ ಹೆಚ್ಚು. ಅದನ್ನು ಉಳಿಸುವುದು ಕೂದಲಲ್ಲ, ಕೂದಲ ನಡುವೆ ಸಿಕ್ಕಿ ನಿಂತ ಗಾಳಿ. ಹಿಮದ ನಾಡಿನ ನಾಯಿಗೆ ಹೊರಗೂದಲಿನ ಅಡಿಯಲ್ಲಿ ಹತ್ತಿಯಂತೆ ಒತ್ತಾದ ಒಳಗೂದಲಿನ ಇನ್ನೊಂದು ಪದರವಿರುತ್ತದೆ. ನಮ್ಮ ಬಯಲು ನಾಡಿನ ಓಟದ ನಾಯಿಗೆ ಅದು ಇಲ್ಲವೆನ್ನುವಷ್ಟು ತೆಳು, ಚರ್ಮದಡಿಯ ಕೊಬ್ಬೂ ಕಡಿಮೆ. ಭಾರತದ ಅಂಚೆ ಇಲಾಖೆ 2005ರ ಜನವರಿಯಲ್ಲಿ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳನ್ನು ಹೊರತಂದಿತು. ಅವುಗಳಲ್ಲಿ ಹಿಮಾಲಯದ ಕುರಿನಾಯಿಯನ್ನೂ ನಮ್ಮ ಮುಧೋಳದ ನಾಯಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು, ಹೊದಿಕೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಓದು ಬಾರದವನಿಗೂ ತಿಳಿಯುತ್ತದೆ.

ದಕ್ಷಿಣ ಧ್ರುವದ ಇತಿಹಾಸ ಇದನ್ನೇ ಕಠೋರವಾಗಿ ಹೇಳುತ್ತದೆ. 1911ರ ಅಕ್ಟೋಬರಿನಲ್ಲಿ ನಾರ್ವೆಯ ಅಮುಂಡ್ಸೆನ್ 52 ಗ್ರೀನ್‌ಲೆಂಡ್ ನಾಯಿಗಳೊಡನೆ ಹೊರಟು ಡಿಸೆಂಬರ್ 14ರಂದು ಧ್ರುವವನ್ನು ಮುಟ್ಟಿದ. ಆ ನಾಯಿಗಳಿಗೆ ಹೊದಿಕೆ ಬೇಕಾಗಲಿಲ್ಲ; ಹಿಮದಲ್ಲಿಯೇ ಸುರುಳಿ ಸುತ್ತಿ ಮಲಗಿದುವು. ಅದೇ ವರ್ಷ ಇಂಗ್ಲೆಂಡಿನ ಸ್ಕಾಟ್ ಕೊಂಡೊಯ್ದ ತಟ್ಟುಗಳ ಮೈ ಬೆವರಿ, ಬೆವರು ಮಂಜುಗಡ್ಡೆಯಾಗಿ, ಜೂಲು ಹೊದಿಸಿ ಹಿಮದ ಗೋಡೆ ಕಟ್ಟಿಕೊಟ್ಟರೂ ಅವು ಸೊರಗಿದುವು. ನಾಯಿಗೆ ಮೈಯೆಲ್ಲ ಬೆವರುವ ಗುಣವಿಲ್ಲ, ಅದು ನಾಲಗೆ ಚಾಚಿ ಏದುಸಿರಿನಿಂದ ಕಾವನ್ನು ಕಳೆಯುತ್ತದೆ. ಆದರೆ ಹೊರಗಿನ ನೀರು ಒಳಕ್ಕೆ ಇಳಿದರೆ ಗತಿ ತಟ್ಟುವಿನದೇ. ಅಮುಂಡ್ಸೆನ್ನನ ನಾಯಿಗಳಲ್ಲಿ ಮರಳಿ ಬಂದುವು 11 ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವನ್ನು ಕೊಂದುದು ಚಳಿಯಲ್ಲ, ಆಹಾರಕ್ಕಾಗಿ ಯಜಮಾನರೇ. ಹೊದಿಕೆ ಬೇಡದ ನಾಯಿಗೂ ಯಜಮಾನನ ಮನಸ್ಸು ಬೇಕು ಎಂಬುದಕ್ಕೆ ಇದೂ ಒಂದು ಸಾಕ್ಷಿ.

ನಾಯಿಗೆ ಅಂಗಿ ಹೊಲಿಸುವುದು ಲೋಕಕ್ಕೆ ಹೊಸತೇನಲ್ಲ. ಯೂರೋಪಿನ ಅರಸರು ಹಂದಿಯ ಬೇಟೆಗೆ ಬಿಡುವ ನಾಯಿಗಳಿಗೆ ಒಳಗೆ ತುಂಬಿ ಹೊಲಿದ ದಪ್ಪ ಬಟ್ಟೆಯ ಕವಚ ತೊಡಿಸುತ್ತಿದ್ದರು. ಹಿಮಾಲಯದ ಕುರಿಗಾಹಿಗಳು ಚಿರತೆಯ ಹಲ್ಲಿನಿಂದ ಕಾಪಾಡಲು ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುತ್ತಾರೆ. ಕಾಳಿಗೆ ಅಂಥದೊಂದು ಕವಚವಿದ್ದಿದ್ದರೆ ಬೆಳತೂರಿನ ದಿಣ್ಣೆಯಿಂದ ಅದು ನಡೆದು ಬರುತ್ತಿತ್ತೇನೊ. ನಮಗೆ ಒಂದು ಶಾಸನ ಇಲ್ಲವಾಗುತ್ತಿತ್ತು. ಇವೆಲ್ಲ ಹಗೆಯ ಕೋರೆಗೆ ಅಡ್ಡವಾದ ಕವಚಗಳು. ಚಳಿಗೆ ಕೋರೆ ಕಾಣುವುದಿಲ್ಲ. ಆದಕಾರಣವೇ ಅದರಿಂದ ಕಾಯುವ ಕವಚವನ್ನು ಆರಿಸುವಾಗ ಹೆಚ್ಚಿನ ಎಚ್ಚರ ಬೇಕು.

ಆರಿಸುವ ಬಗೆಯನ್ನು ತಾತನ ಕೈ ನನಗೆ ತೋರಿಸಿತ್ತು. ಮೊದಲನೆಯದು ಬಟ್ಟೆ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಯೂ ಒದ್ದೆಯೆನಿಸದೆ ಕಾವನ್ನು ಹಿಡಿದಿಡಬಲ್ಲುದು. ಹತ್ತಿಗೂ ಸೆಣಬಿಗೂ ಆ ಶಕ್ತಿಯಿಲ್ಲ. ನಮ್ಮ ಕಂಬಳಿ ನೇಯುವವರು ಹುಣಸೆಬೀಜದ ಸರಿ ಬಳಿದು ಅದನ್ನು ಮಳೆಗೆ ಜಗ್ಗದಂತೆ ಮಾಡುವುದುಂಟು. ಆದರೆ ಹೊಸ ಕಂಬಳಿ ಒರಟು, ನಾಯಿಯ ತೆಳುಚರ್ಮವನ್ನು ಉಜ್ಜೀತು. ಹೊದ್ದು ಹೊದ್ದು ಮೆತ್ತಗಾದ ಹಳೆಯದೇ ಅದಕ್ಕೆ ಒಪ್ಪುತ್ತದೆ. ಎರಡನೆಯದು ಅಳತೆ. ಕೊರಳ ಬುಡದಿಂದ ಬಾಲದ ಬುಡದವರೆಗೆ ಉದ್ದ ಹಿಡಿಯಬೇಕು. ಬೆನ್ನಿಗಿಂತ ಎದೆ ಮತ್ತು ಹೊಟ್ಟೆ ಮುಖ್ಯ, ಅಲ್ಲಿ ಕೂದಲು ವಿರಳ, ಮಲಗಿದಾಗ ನೆಲದ ತಂಪು ತಾಗುವುದೂ ಅಲ್ಲಿಯೇ. ಮುಂಗಾಲಿನ ಸಂದಿ ಬಿಡುವಾಗಿರಬೇಕು, ಎರಡು ಬೆರಳು ಒಳಗೆ ಹೋಗಬೇಕು. ಕಟ್ಟು ಬೇಲಿಯ ಮುಳ್ಳಿಗೆ ಸಿಕ್ಕಿದರೆ ತಾನಾಗಿ ಬಿಚ್ಚಿಕೊಳ್ಳುವಂತಿರಬೇಕು. ನಾನು ಹಾಕಿದಂಥ ಕಗ್ಗಂಟು ಆಗಬಾರದು. ಎಲ್ಲಕ್ಕಿಂತ ದೊಡ್ಡದು ಹೊತ್ತಿನ ಅರಿವು. ಓಡುವ ನಾಯಿಗೆ ತನ್ನ ಮೈಯೇ ಒಲೆ. ಕೆಲಸದ ಹೊತ್ತಿನಲ್ಲಿ ಹೊದಿಕೆ ಹೊರೆ. ಕೆಲಸ ಮುಗಿದು, ಮೈ ಒರಸಿ, ಕಾವಲಿಗೆ ಕುಳಿತಾಗ ಹೊದಿಸಬೇಕು. ಬೆಳಗ್ಗೆ ತೆಗೆದು ಬಿಸಿಲಿಗೆ ಹಾಕಬೇಕು. ಒದ್ದೆಯಾದರೆ ಆ ಗಳಿಗೆಯೇ ಕಳಚಬೇಕು. ಹೊದಿಸಿ ಮರೆಯುವವನು ಹೊದಿಸದಿರುವುದೇ ಲೇಸು.

ಕಾಲ ಬದಲಾಗಿದೆ. ಬೆಂಗಳೂರಿನ ಅಂಗಡಿಗಳಲ್ಲಿ ನಾಯಿಯ ಅಂಗಿಗಳು ಬಣ್ಣಬಣ್ಣದವಾಗಿ ತೂಗುತ್ತವೆ. ಕೊಳ್ಳುವವರು ಬಹುಮಟ್ಟಿಗೆ ಬೆಚ್ಚಗಿನ ಕೋಣೆಯಲ್ಲಿ ಮಲಗುವ ನಾಯಿಗಳ ಒಡೆಯರು. ಮುಧೋಳದ ಮರಿಗಳನ್ನು 2016ರಲ್ಲಿ ಭಾರತೀಯ ಸೇನೆ ಮೀರತ್ತಿನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿಗೆ ತೊಡಗಿಸಿತು. ಬಯಲುಸೀಮೆಯ ಬಿಸಿಲಿಗೆ ಹುಟ್ಟಿದ ತೆಳುಮೈಯ ನಾಯಿ ಉತ್ತರದ ಚಳಿಯನ್ನು ಕಾಣಬೇಕಾಯಿತು. ಇತ್ತ ನಮ್ಮ ಸೀಮೆಯಲ್ಲಿ ಉಣ್ಣೆಗೆ ಬೆಲೆಯಿಲ್ಲ. ಕತ್ತರಿಸಿದ ಕೂಲಿಯೂ ಹುಟ್ಟದೆಂದು ಬೇಲಿಯ ಬದಿಗೆ ಎಸೆದುದನ್ನು ಕಂಡಿದ್ದೇನೆ. ಕುರುಬನ ಹೆಗಲ ಮೇಲೆಯೇ ಕಂಬಳಿ ಹೋಗಿ ಪಾಲಿಯೆಸ್ಟರಿನ ರಗ್ಗು ಬಂದಿದೆ. ಎಸೆಯುವ ಆ ಉಣ್ಣೆಯಿಂದ ಮಂದೆಯ ನಾಯಿಗಳಿಗೆ ಒಂದೊಂದು ಹೊದಿಕೆಯಾದರೂ ಆದೀತು. ಅದಕ್ಕೆ ಬೇಕಾದುದು ಒಂದು ಸಂಜೆಯ ಕೆಲಸ, ಒಂದು ದಬ್ಬಣ, ಸ್ವಲ್ಪ ಮನಸ್ಸು.

ಆತಕೂರಿನ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಆ ಬೂದುಬಣ್ಣದ ನಾಯಿಯ ನೆನಪಾಗುತ್ತದೆ. ಅದಕ್ಕೆ ಶಾಸನವಿಲ್ಲ, ಗದ್ದೆಯಿಲ್ಲ. ಕೊನೆಯ ಕೆಲವು ಇರುಳು ಅದರ ಎದೆಗೆ ಸುತ್ತಿದ್ದ ಹರಿದ ಗೊಂಗಡಿಯ ತುಂಡೇ ಅದಕ್ಕೆ ಸಂದ ಮರ್ಯಾದೆ. ಮಣಲೇರ ತನ್ನ ನಾಯಿ ಸತ್ತ ಮೇಲೆ ಕೊಟ್ಟುದು ದೊಡ್ಡದು, ನಿಜ. ಆದರೆ ತಾತ ಕೊಟ್ಟುದು ತನ್ನ ಹೊದಿಕೆಯಿಂದ ಹರಿದುದು. ಅದನ್ನು ಅವನು ಕೊಟ್ಟುದು ನಾಯಿ ಇನ್ನೂ ಉಸಿರಾಡುತ್ತಿದ್ದಾಗ.